ಖತಾವಣಿಯಿಂದ ಕ್ಲಾಸ್‌ವರೆಗೆ: ಆಬ್ಜೆಕ್ಟ್-ಓರಿಯೆಂಟೆಡ್ ಪ್ರೋಗ್ರಾಮಿಂಗ್‌ನ ಮೊದಲ ಪಾಠಗಳು

ಸಿಂದಗಿಯ ಪೇಟೆಯಲ್ಲಿ ತೊಗರಿ, ಕಡಲೆ, ಜೋಳಗಳ ವಹಿವಾಟು ನಡೆಸುವ ಅನೇಕ ಅಂಗಡಿಗಳಲ್ಲಿ ಕಿರ್ದಿ-ಖತಾವಣಿಗಳ ಸ್ಥಾನವನ್ನು ಕಂಪ್ಯೂಟರ್ ಆಕ್ರಮಿಸಿದೆ. ಇನ್ನೊಂದೆಡೆ ವರ್ತಕ ಕುಟುಂಬಗಳ ಮಕ್ಕಳು ಬಿ.ಸಿ.ಎ. ಪದವಿಗೆ ಸೇರಿ ಪ್ರೋಗ್ರಾಮಿಂಗ್ ಕಲಿಯುತ್ತಿದ್ದಾರೆ. ಅಂಗಡಿಯ ಲೆಕ್ಕ ಬೇರೆ, ಕಾಲೇಜಿನ ಪಾಠ ಬೇರೆ ಎಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಕಾಲೇಜಿನಲ್ಲಿ ಕಠಿಣವೆನಿಸುವ ಆಬ್ಜೆಕ್ಟ್-ಓರಿಯೆಂಟೆಡ್ ಪ್ರೋಗ್ರಾಮಿಂಗ್ ಎಂಬ ವಿಷಯದ ತಿರುಳು ಅಂಗಡಿಯ ಗದ್ದುಗೆಯ ಮೇಲೆಯೇ ಇದೆ. ಅದನ್ನು ಅರಿಯುವುದು ವಿದ್ಯಾರ್ಥಿಗೆ ಎಷ್ಟು ಅಗತ್ಯವೋ, ತಂತ್ರಾಂಶಕ್ಕೆ ಹಣ ತೆರುವ ವ್ಯಾಪಾರಿಗೂ ಅಷ್ಟೇ ಅಗತ್ಯ.

ಹಿನ್ನೆಲೆ

ಈ ಪದ್ಧತಿಯ ಮೂಲ ನಾರ್ವೆ ದೇಶದಲ್ಲಿದೆ. ಓಸ್ಲೋ ನಗರದ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರ್‌ನಲ್ಲಿ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟೆನ್ ನೈಗಾರ್ಡ್ ಅವರು 1960ರ ದಶಕದಲ್ಲಿ ಸಿಮುಲಾ ಭಾಷೆಯನ್ನು ರೂಪಿಸಿದರು. ನಿಜಜೀವನದ ಕಾರ್ಯವ್ಯವಸ್ಥೆಗಳನ್ನು ಕಂಪ್ಯೂಟರ್‌ನಲ್ಲಿ ಅನುಕರಿಸಿ ಅಧ್ಯಯನ ಮಾಡುವುದು ಅವರ ಉದ್ದೇಶವಾಗಿತ್ತು. ಕ್ಲಾಸ್ ಮತ್ತು ಆಬ್ಜೆಕ್ಟ್ ಎಂಬ ಕಲ್ಪನೆಗಳು ಸಿಮುಲಾ 67ರಲ್ಲಿ ಸ್ಪಷ್ಟ ರೂಪ ಪಡೆದವು. ಈ ಕಾರ್ಯಕ್ಕಾಗಿ ಇಬ್ಬರಿಗೂ 2001ನೇ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಬೆಲ್ ಪ್ರಯೋಗಾಲಯದ ಬ್ಯಾರ್ನ್ ಸ್ಟ್ರೌಸ್ಟ್ರಪ್ ಅವರ ಸಿ++ 1985ರಲ್ಲಿಯೂ, ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯ ಜಾವಾ 1995ರಲ್ಲಿಯೂ ಬಳಕೆಗೆ ಬಂದವು. ಭಾರತದ ಕಾಲೇಜುಗಳಲ್ಲಿ ಈ ವಿಷಯದ ಪಾಠ ಬಹುಮಟ್ಟಿಗೆ ಈ ಎರಡು ಭಾಷೆಗಳ ಮೂಲಕವೇ ನಡೆದುಬಂದಿದೆ.

ನಮೂನೆ ಮತ್ತು ಖಾತೆ

ಮೊದಲ ಪಾಠದಲ್ಲಿಯೇ ವಿದ್ಯಾರ್ಥಿಗಳು ಎಡವುವುದು ಕ್ಲಾಸ್ ಮತ್ತು ಆಬ್ಜೆಕ್ಟ್‌ಗಳ ನಡುವಣ ವ್ಯತ್ಯಾಸದಲ್ಲಿ. ಕನ್ನಡ ಮಾಧ್ಯಮದಿಂದ ಬಂದವರಿಗೆ ಕ್ಲಾಸ್ ಎಂದರೆ ತರಗತಿ ಎಂಬ ಅರ್ಥವೇ ಮೊದಲು ಹೊಳೆಯುತ್ತದೆ. ಅವರಿಗೆ ಖತಾವಣಿಯ ಉದಾಹರಣೆ ನೀಡಿದರೆ ಗೊಂದಲ ಬೇಗನೆ ತಿಳಿಯಾಗುತ್ತದೆ.

ಖತಾವಣಿಯ ಪ್ರತಿ ಪುಟಕ್ಕೂ ಒಂದೇ ನಮೂನೆ: ಮೇಲೆ ಗಿರಾಕಿಯ ಹೆಸರು, ಕೆಳಗೆ ತಾರೀಖು, ಜಮಾ, ಖರ್ಚು, ಬಾಕಿ. ಈ ಖಾಲಿ ನಮೂನೆಯೇ ಕ್ಲಾಸ್. ಒಬ್ಬ ಗಿರಾಕಿಯ ಹೆಸರಿನಲ್ಲಿ ತೆರೆದ ಪುಟ ಆಬ್ಜೆಕ್ಟ್. ನಮೂನೆ ಒಂದೇ ಆದರೂ ಖಾತೆಗಳು ನೂರಾರು. ಒಂದರ ಬಾಕಿ ಮತ್ತೊಂದಕ್ಕೆ ಸೇರದು. ಜಮಾ ಮಾಡು, ಖರ್ಚು ಹಾಕು, ಬಾಕಿ ತಿಳಿಸು ಎಂಬ ಕೆಲಸಗಳು ಮೆಥಡ್‌ಗಳು. ಮಾಹಿತಿಯನ್ನೂ ಅದರ ಮೇಲೆ ನಡೆಯಬಹುದಾದ ಕೆಲಸಗಳನ್ನೂ ಒಂದೇ ಕಡೆ ಇರಿಸುವುದು ಈ ಪದ್ಧತಿಯ ಬುನಾದಿ.

ಗಲ್ಲಾಪೆಟ್ಟಿಗೆಯ ಕೀಲಿಕೈ

ಅಂಗಡಿಯಲ್ಲಿ ಹತ್ತು ಜನ ಕೆಲಸ ಮಾಡಿದರೂ ಗಲ್ಲಾಪೆಟ್ಟಿಗೆಗೆ ಎಲ್ಲರೂ ಕೈ ಹಾಕುವಂತಿಲ್ಲ. ಹಣ ಬೇಕಾದವರು ಗಲ್ಲಾದ ಮೇಲಿರುವವರನ್ನು ಕೇಳಬೇಕು. ಅವರು ಬರೆದುಕೊಂಡು ಕೊಡುತ್ತಾರೆ. ಪ್ರೋಗ್ರಾಮಿಂಗ್‌ನಲ್ಲಿ ಈ ಶಿಸ್ತಿಗೆ ಎನ್‌ಕ್ಯಾಪ್ಸುಲೇಶನ್ ಎಂಬ ಹೆಸರಿದೆ. ಖಾತೆಯ ಬಾಕಿಯನ್ನು ಪ್ರೈವೇಟ್ ಎಂದು ಘೋಷಿಸಿದಾಗ, ಪ್ರೋಗ್ರಾಮಿನ ಬೇರೆ ಯಾವ ಭಾಗವೂ ಅದನ್ನು ನೇರವಾಗಿ ತಿದ್ದಲಾಗದು. ಜಮಾ ಅಥವಾ ಖರ್ಚಿನ ಮೆಥಡ್ ಮೂಲಕವೇ ಬರಬೇಕು. ಲೆಕ್ಕ ತಪ್ಪಿದಾಗ ಹುಡುಕಬೇಕಾದ ಸ್ಥಳಗಳು ಎರಡೇ ಆಗುತ್ತವೆ.

ಈ ಶಿಸ್ತಿನ ಬೆಲೆ ಏನೆಂಬುದಕ್ಕೆ ಜಿ.ಎಸ್.ಟಿ.ಯ ಒಂದು ಪ್ರಸಂಗವನ್ನು ಪರಿಶೀಲಿಸಬಹುದು. 2022ರ ಜುಲೈ 17ರವರೆಗೆ ಪೊಟ್ಟಣ ಕಟ್ಟಿದ ಬೇಳೆಗೆ ಶೇ. 5ರ ತೆರಿಗೆ ಅನ್ವಯಿಸಲು ಬ್ರ್ಯಾಂಡ್ ಹೆಸರು ಮುಖ್ಯವಾಗಿತ್ತು. ಜುಲೈ 18ರಿಂದ ಆ ಅಳತೆಗೋಲೇ ಬದಲಾಯಿತು. ಬ್ರ್ಯಾಂಡ್ ಇರಲಿ ಇಲ್ಲದಿರಲಿ, ಮೊದಲೇ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ 25 ಕೆ.ಜಿ.ವರೆಗಿನ ಬೇಳೆಗೆ ತೆರಿಗೆ ಬಂದಿತು; 25 ಕೆ.ಜಿ. ಮೀರಿದ ಚೀಲ ಅದರಿಂದ ಹೊರಗುಳಿಯಿತು. ತೆರಿಗೆಯ ದರ ಅದೇ ಶೇ. 5, ಬದಲಾದದ್ದು ಕೇಳಬೇಕಾದ ಪ್ರಶ್ನೆ. ಹೀಗಾಗಿ ಕೇವಲ ಒಂದು ಅಂಕಿಯನ್ನು ತಿದ್ದಿದರೆ ಸಾಲುತ್ತಿರಲಿಲ್ಲ.

ಒಂದು ಬೇಳೆ ಗಿರಣಿಯ ತಂತ್ರಾಂಶವನ್ನು ಊಹಿಸಿಕೊಳ್ಳೋಣ. ಬಿಲ್ ಬರೆಯುವಲ್ಲಿ, ಸರಕು ವಾಪಸು ಪಡೆಯುವಲ್ಲಿ, ತಿಂಗಳ ಲೆಕ್ಕ ತೆಗೆಯುವಲ್ಲಿ ಬ್ರ್ಯಾಂಡ್ ಇದೆಯೇ ಎಂಬ ಪ್ರಶ್ನೆಯನ್ನು ಬೇರೆ ಬೇರೆಯಾಗಿ ಬರೆದಿದ್ದರೆ ಅವೆಲ್ಲವನ್ನೂ ತಿದ್ದಬೇಕು. ಒಂದು ಕಡೆ ಮರೆತರೂ ಬಿಲ್ ಒಂದು, ತಿಂಗಳ ಲೆಕ್ಕ ಇನ್ನೊಂದು ಆಗುತ್ತದೆ. ಸರಕು ಎಂಬ ಕ್ಲಾಸ್‌ನೊಳಗೆ ತೆರಿಗೆ ತಿಳಿಸು ಎಂಬ ಒಂದೇ ಮೆಥಡ್ ಇದ್ದು, ಉಳಿದವೆಲ್ಲ ಅದನ್ನೇ ಕೇಳುತ್ತಿದ್ದರೆ ತಿದ್ದುಪಡಿ ಒಂದೇ ಕಡೆ ಮುಗಿಯುತ್ತದೆ. ಆ ಮೆಥಡ್‌ಗೆ ಬಿಲ್ಲಿನ ತಾರೀಖನ್ನೂ ತಿಳಿಸಬೇಕು. ಇಲ್ಲವಾದರೆ ಜುಲೈ 10ರ ಹಳೆಯ ಬಿಲ್ಲನ್ನು ಮತ್ತೆ ಮುದ್ರಿಸುವಾಗ ಹೊಸ ನಿಯಮ ಅದಕ್ಕೂ ಅಂಟಿಕೊಳ್ಳುತ್ತದೆ.

ವಾರಸಿಕೆಯ ಮಿತಿ

ಇನ್‌ಹೆರಿಟೆನ್ಸ್ ಅಥವಾ ವಾರಸಿಕೆ ಮುಂದಿನ ಪಾಠ. ಒಂದು ಕ್ಲಾಸ್‌ನ ಗುಣಗಳನ್ನು ಮತ್ತೊಂದು ಕ್ಲಾಸ್ ಪಡೆದುಕೊಂಡು, ತನ್ನದನ್ನು ಸೇರಿಸಿಕೊಳ್ಳುವ ಕ್ರಮವಿದು. ವಿದ್ಯಾರ್ಥಿಗಳು ಗಿರಾಕಿ ಎಂಬ ಕ್ಲಾಸ್ ರಚಿಸಿ, ಅದರಿಂದ ರೋಖ ಗಿರಾಕಿ ಮತ್ತು ಉದ್ರಿ ಗಿರಾಕಿ ಎಂಬ ಎರಡು ಕ್ಲಾಸ್‌ಗಳನ್ನು ತೆಗೆಯುವುದುಂಟು. ನೋಡಲು ಇದು ಸರಿಯೆನಿಸುತ್ತದೆ. ಆದರೆ ಸುಗ್ಗಿಯಲ್ಲಿ ರೋಖ ಕೊಡುವ ಗಿರಾಕಿಯೇ ಮಳೆಗಾಲದಲ್ಲಿ ಉದ್ರಿ ಕೇಳುತ್ತಾನೆ. ಜಾವಾದಲ್ಲಿ ಒಮ್ಮೆ ನಿರ್ಮಿಸಿದ ಆಬ್ಜೆಕ್ಟ್ ತನ್ನ ಕ್ಲಾಸ್ ಬದಲಿಸಲಾರದು. ಆದುದರಿಂದ ಗಿರಾಕಿ ಒಬ್ಬನೇ ಎಂದಿಟ್ಟು, ರೋಖವೋ ಉದ್ರಿಯೋ ಎಂಬುದನ್ನು ಪ್ರತಿ ಬಿಲ್ಲಿಗೆ ಸೇರಿಸುವುದು ಸೂಕ್ತ. ಇಂಥ ವಿವೇಚನೆ ಪಠ್ಯಪುಸ್ತಕಕ್ಕಿಂತ ಅಂಗಡಿಯ ಅನುಭವದಿಂದ ಬೇಗ ಬರುತ್ತದೆ.

ಎರಡು ಹೆಸರು, ಒಂದು ಖಾತೆ

ಪ್ರಯೋಗಾಲಯದಲ್ಲಿ ಪದೇ ಪದೇ ಕಾಣುವ ಇನ್ನೆರಡು ತಪ್ಪುಗಳನ್ನು ಇಲ್ಲಿ ಗಮನಿಸಬೇಕು. ಜಾವಾದಲ್ಲಿ ಒಂದು ಖಾತೆಯನ್ನು ಎರಡನೆಯ ಹೆಸರಿಗೆ ಸಮ ಎಂದು ಬರೆದರೆ ಹೊಸ ಪ್ರತಿ ಹುಟ್ಟುವುದಿಲ್ಲ. ಒಂದೇ ಖಾತೆಗೆ ಎರಡು ಹೆಸರು ಬರುತ್ತವೆ. ಎರಡನೆಯ ಹೆಸರಿನಲ್ಲಿ ಐದು ನೂರು ರೂಪಾಯಿ ಜಮಾ ಮಾಡಿದರೆ ಮೊದಲನೆಯದರಲ್ಲೂ ಅದು ಕಾಣುತ್ತದೆ. ಸಿ++ನಲ್ಲಿ ಇದೇ ಬರಹ ಸಾಮಾನ್ಯವಾಗಿ ಪ್ರತ್ಯೇಕ ಪ್ರತಿಯನ್ನು ನೀಡುತ್ತದೆ. ಒಂದು ಭಾಷೆಯಿಂದ ಮತ್ತೊಂದಕ್ಕೆ ಹೋಗುವವರು ಇಲ್ಲಿ ಎಚ್ಚರ ವಹಿಸಬೇಕು.

ಎರಡನೆಯದು ಹಣದ ಲೆಕ್ಕ. ದಶಮಾಂಶ ಸಂಖ್ಯೆಗಳಿಗೆ ಬಳಸುವ ಡಬಲ್ ಎಂಬ ಮಾದರಿಯಲ್ಲಿ 0.1 ಮತ್ತು 0.2 ಕೂಡಿಸಿದರೆ 0.30000000000000004 ಎಂಬ ಉತ್ತರ ಬರುತ್ತದೆ. ಕಂಪ್ಯೂಟರ್ ಈ ಸಂಖ್ಯೆಗಳನ್ನು ದ್ವಿಮಾನ ಪದ್ಧತಿಯಲ್ಲಿ ಇರಿಸುವುದೇ ಇದಕ್ಕೆ ಕಾರಣ. ಸಾವಿರಾರು ಬಿಲ್ಲುಗಳ ಮೊತ್ತದಲ್ಲಿ ಈ ಕಿರು ವ್ಯತ್ಯಾಸ ಪೈಸೆಗಳ ತಾಳೆಯನ್ನು ಕೆಡಿಸಬಹುದು. ಹಣವನ್ನು ಪೈಸೆಗಳ ಪೂರ್ಣಾಂಕದಲ್ಲಿ ಇರಿಸುವುದು, ಇಲ್ಲವೇ ಜಾವಾದ ಬಿಗ್‌ಡೆಸಿಮಲ್ ಬಳಸುವುದು ಸರಿಯಾದ ಕ್ರಮ.

ವರ್ತಕರು ಮಾಡಬಹುದಾದದ್ದು

ಪರೀಕ್ಷೆಗಾಗಿ ಪ್ರೋಗ್ರಾಮುಗಳನ್ನು ಕಂಠಪಾಠ ಮಾಡಿ ರೆಕಾರ್ಡ್ ಪುಸ್ತಕ ತುಂಬಿದ ವಿದ್ಯಾರ್ಥಿ ಪದವಿ ಪಡೆಯಬಲ್ಲ. ಆದರೆ ನಿಯಮ ಬದಲಾದ ದಿನ ತಂತ್ರಾಂಶವನ್ನು ತಿದ್ದಲಾರ. ಅಂಥ ಪದವೀಧರನಿಗೂ ನಷ್ಟ, ಅವನನ್ನು ನಂಬಿದ ಅಂಗಡಿಗೂ ನಷ್ಟ. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ವರ್ತಕರು ಈ ಅಂತರವನ್ನು ಕಡಿಮೆ ಮಾಡಬಲ್ಲರು. ಗಿರಾಕಿಗಳ ಹೆಸರು ತೆಗೆದ ಒಂದು ವಾರದ ಬಿಲ್ಲುಗಳು, ತೂಕದ ಚೀಟಿಯ ನಮೂನೆ, ಹಮಾಲಿ ಹಾಗೂ ದಲಾಲಿ ಲೆಕ್ಕದ ಕ್ರಮ ಇಷ್ಟನ್ನು ಕಾಲೇಜಿನ ಪ್ರಾಜೆಕ್ಟ್ ಕಾರ್ಯಕ್ಕೆ ಒದಗಿಸಿದರೆ ಕಲಿಕೆ ನಿಜವಾದ ನೆಲೆ ಪಡೆಯುತ್ತದೆ.

ಹೊಸ ತಂತ್ರಾಂಶ ಕೊಳ್ಳುವಾಗಲೂ ಮೂರು ಪ್ರಶ್ನೆಗಳನ್ನು ಕೇಳಬಹುದು. ತೆರಿಗೆಯ ನಿಯಮ ಬದಲಾದರೆ ಎಷ್ಟು ಕಡೆ ತಿದ್ದಬೇಕು? ಹಳೆಯ ಬಿಲ್ಲು ಹಳೆಯ ನಿಯಮದಂತೆಯೇ ಮುದ್ರಣವಾಗುವುದೇ? ಬಾಕಿಯ ಮೊತ್ತವನ್ನು ಜಮಾ-ಖರ್ಚಿನ ದಾಖಲೆಯಿಲ್ಲದೆ ಯಾರಾದರೂ ಬದಲಿಸಬಹುದೇ? ಇವುಗಳಿಗೆ ಸ್ಪಷ್ಟ ಉತ್ತರ ದೊರೆತರೆ ಮಾತ್ರ ಹಣ ನೀಡುವುದು ಕ್ಷೇಮ. ಇದೇ ಮೂರು ಪ್ರಶ್ನೆಗಳನ್ನು ಮನೆಯಲ್ಲಿ ಬಿ.ಸಿ.ಎ. ಓದುತ್ತಿರುವ ಮಗನಿಗೋ ಮಗಳಿಗೋ ಕೇಳಿದರೆ, ಆ ವರ್ಷದ ಪಾಠ ಎಷ್ಟು ಮನದಟ್ಟಾಗಿದೆ ಎಂಬುದೂ ತಿಳಿಯುತ್ತದೆ.