ಚೇತರಿಕೆಯ ದಿನಗಳಲ್ಲಿ ಕೈಕೆಲಸದ ಸಾಂತ್ವನ

ಓದಿ ಧ್ಯಾನಿಸಲು: ಸಿರಾಖ 38:1-15, 24-34, ಪ್ರೇಷಿತರ ಕಾರ್ಯಕಲಾಪಗಳು 9:36-42



ಕಾಯಿಲೆಗೆ ಎರಡು ಘಟ್ಟಗಳಿವೆ. ಮೊದಲನೆಯದು ಆಸ್ಪತ್ರೆಯದು. ಆಗ ಮನೆಮಂದಿಯೆಲ್ಲ ಸುತ್ತ ನಿಂತಿರುತ್ತಾರೆ. ಗುರುಗಳು ಬಂದು ಅಭ್ಯಂಗ ಸಂಸ್ಕಾರ ನೀಡುತ್ತಾರೆ. ಧರ್ಮಕೇಂದ್ರದವರು ಜಪಸರ ಮಾಡುತ್ತಾರೆ. ಎರಡನೆಯದು ಮನೆಗೆ ಮರಳಿದ ಮೇಲಿನದು. "ಇನ್ನು ಭಯವಿಲ್ಲ" ಎಂದು ವೈದ್ಯರು ಹೇಳಿರುತ್ತಾರೆ. ಅಂದಿನಿಂದ ನೋಡಬರುವವರೂ ಕಡಿಮೆಯಾಗುತ್ತಾರೆ. ಹೊಲಿಗೆ ಬಿಚ್ಚಿದ್ದಾಗಿದೆ, ಗಾಯ ಮಾಯುತ್ತಿದೆ. ಮನಸ್ಸು ಮಾತ್ರ ಮಾಯುವುದಿಲ್ಲ. ಈ ಎರಡನೆಯ ಘಟ್ಟದ ಬಗ್ಗೆ ನಾವು ಮಾತನಾಡುವುದು ಕಡಿಮೆ.

ಕೂಡ್ಲಿಗಿ ಸೀಮೆಯ ಗುಡೇಕೋಟೆಯಂಥ ಊರನ್ನು ನೆನೆದುಕೊಳ್ಳಿ. ಬಂಡೆಗಲ್ಲಿನ ಗುಡ್ಡಗಳು, ಪಾಳೇಗಾರರ ಹಳೆಯ ಕೋಟೆ, ಮಳೆಯನ್ನೇ ನಂಬಿದ ಹೊಲಗಳು. ದೊಡ್ಡ ಚಿಕಿತ್ಸೆ ಬೇಕಾದರೆ ಬಳ್ಳಾರಿಗೋ ದಾವಣಗೆರೆಗೋ ಹೋಗಬೇಕು. ಹಾಗೆ ಹೋಗಿ ಬಂದ ತಾಯಿಯೊಬ್ಬಳು, "ಹೊದೆಯಲು ನನಗೊಂದು ಕೌದಿ ಹೊಲಿಸಿಕೊಡಿ" ಎಂದರೆ ಮನೆಯವರು ಏನನ್ನುತ್ತಾರೆ? "ಆಸ್ಪತ್ರೆಗೆ ಸುರಿದದ್ದು ಸಾಲದೇ? ಮನೆಯಲ್ಲಿ ಹೊದಿಕೆ ಇಲ್ಲವೇ?" ಎಂದಾರು. ಲೆಕ್ಕದ ಪ್ರಕಾರ ಅವರ ಮಾತು ಸರಿ. ಆದರೆ ಆ ತಾಯಿ ಕೇಳುತ್ತಿರುವುದು ಬರಿಯ ಹೊದಿಕೆಯನ್ನೇ? ಅವಳ ಆಸೆ ಬರಿಯ ಭೋಗವೇ, ದುಂದುವೇ? ಪವಿತ್ರ ಗ್ರಂಥದ ಬೆಳಕಿನಲ್ಲಿ ನೋಡೋಣ.

ವೈದ್ಯನೂ ಕುಂಬಾರನೂ ಒಂದೇ ಅಧ್ಯಾಯದಲ್ಲಿ

ಸಿರಾಖನ ಗ್ರಂಥದ 38ನೆಯ ಅಧ್ಯಾಯ ವೈದ್ಯನ ಮಾತಿನಿಂದ ಆರಂಭವಾಗುತ್ತದೆ. ವೈದ್ಯನನ್ನು ಗೌರವಿಸಬೇಕು, ಮಣ್ಣಿನಿಂದ ಔಷಧಗಳನ್ನು ಹುಟ್ಟಿಸಿದವರು ಸರ್ವೇಶ್ವರರೇ, ರೋಗಿಯು ಪ್ರಾರ್ಥಿಸಲಿ, ವೈದ್ಯನಿಗೂ ಎಡೆಕೊಡಲಿ ಎಂದು ಅದು ಬೋಧಿಸುತ್ತದೆ. ಅದೇ ಅಧ್ಯಾಯ ಮುಂದೆ ಹೋಗಿ ನಿಲ್ಲುವುದು ಕುಶಲಕರ್ಮಿಗಳ ಮುಂದೆ. ಉಳುವ ರೈತ, ಮುದ್ರೆ ಕೆತ್ತುವವನು, ಕುಲುಮೆಯ ಕಾವಿನಲ್ಲಿ ಬೇಯುವ ಕಮ್ಮಾರ, ಕಾಲಿನಿಂದ ತಿಗರಿ ತಿರುಗಿಸುವ ಕುಂಬಾರ ಒಬ್ಬೊಬ್ಬರಾಗಿ ಬರುತ್ತಾರೆ. ಊರ ಸಭೆಯಲ್ಲಿ ಇವರಿಗೆ ಪೀಠವಿಲ್ಲ. ಆದರೂ ಇವರಿಲ್ಲದೆ ಯಾವ ಊರೂ ಊರಾಗದು, ಲೋಕ ನಿಂತಿರುವುದು ಇವರ ದುಡಿಮೆಯಿಂದ, ಇವರ ಕೆಲಸವೇ ಇವರ ಪ್ರಾರ್ಥನೆ ಎಂಬುದು ಸಿರಾಖನ ತಾತ್ಪರ್ಯ.

ರೋಗಿಯ ಹಾಸಿಗೆ ಒಂದು ತುದಿಗೆ, ಕುಂಬಾರನ ತಿಗರಿ ಇನ್ನೊಂದು ತುದಿಗೆ. ಒಬ್ಬರು ದೇಹವನ್ನು ನೆಟ್ಟಗೆ ಮಾಡುವವರು, ಇನ್ನೊಬ್ಬರು ಬದುಕನ್ನು ನೆಟ್ಟಗೆ ನಿಲ್ಲಿಸುವವರು. ನಮ್ಮ ಯೇಸುಸ್ವಾಮಿಯನ್ನು ಊರಿನವರು ಬಡಗಿಯೆಂದೇ ಗುರುತಿಸಿದರು (ಮಾರ್ಕ 6:3). ಕುಷ್ಠರೋಗಿಯನ್ನು ಮುಟ್ಟಿದ ಕೈಗಳು ಉಳಿ ಬಾಚಿ ಹಿಡಿದ ಕೈಗಳು ಎಂಬುದನ್ನು ನಾವು ಮರೆಯಬಾರದು.

ಪ್ರೇಷಿತರ ಕಾರ್ಯಕಲಾಪಗಳಲ್ಲಿ ಇನ್ನೊಂದು ಚಿತ್ರವಿದೆ. ಯೊಪ್ಪ ಪಟ್ಟಣದ ತಬಿಥಾ ತೀರಿಕೊಂಡಾಗ ವಿಧವೆಯರು ಅಳುತ್ತಾ ಪೇತ್ರನಿಗೆ ತೋರಿಸಿದ್ದು ಅವಳು ಮಾಡಿಕೊಟ್ಟಿದ್ದ ಅಂಗಿಗಳನ್ನು, ಉಡುಪುಗಳನ್ನು. ಬಟ್ಟೆಯಲ್ಲಿ ಅವಳ ಕೈ ಇತ್ತು. ಆ ಕೈಯಲ್ಲಿ ಅವಳ ಪ್ರೀತಿ ಇತ್ತು.

ನಮ್ಮ ಸೀಮೆಯ ಕೈಗಳು

ಇಂಥ ಕೈಗಳನ್ನು ಹುಡುಕಲು ದೂರ ಹೋಗಬೇಕಿಲ್ಲ. ಕೌದಿಯನ್ನೇ ನೋಡಿ. ಉಟ್ಟು ಹಳತಾದ ಸೀರೆ ಪಂಚೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು ನಮ್ಮ ಹೆಣ್ಣುಮಕ್ಕಳು ಸಾಲು ಸಾಲು ಹೊಲಿಗೆ ಹಾಕುತ್ತಾರೆ. ಸವೆದ ಬಟ್ಟೆಯಾದ್ದರಿಂದ ಮೈಗೆ ಮೃದು. ತೀರಿಹೋದ ಅವ್ವನ ಸೀರೆಯ ತುಂಡೊಂದು ಅದರಲ್ಲಿದ್ದರೆ ಆ ಹೊದಿಕೆಗೆ ಬೆಲೆ ಕಟ್ಟುವವರಾರು?

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಸಮುದಾಯದ ಹೆಂಗಸರೂ ಇಂಥ ಹೊದಿಕೆಯನ್ನು ಹೊಲಿಯುತ್ತಾರೆ. ಅವರಲ್ಲಿ ನಮ್ಮ ಕಥೋಲಿಕ ಕುಟುಂಬಗಳೂ ಇವೆ. ಕೆಲವರು ಬಣ್ಣದ ತುಂಡುಗಳಲ್ಲೇ ಶಿಲುಬೆಯನ್ನು ಮೂಡಿಸುತ್ತಾರೆ. ಹೊದಿಕೆಯ ನಾಲ್ಕು ಮೂಲೆಗಳಿಗೆ ಬಟ್ಟೆ ಮಡಿಚಿ ಹೂವು ಕೂರಿಸದಿದ್ದರೆ ಕೆಲಸ ಮುಗಿದಂತೆ ಅವರು ಎಣಿಸುವುದಿಲ್ಲ.

ಗುಡೇಕೋಟೆಗೆ ನೆರೆಯಾದ ಚಿತ್ರದುರ್ಗ ಸೀಮೆಯಲ್ಲಿ ಕಂಬಳಿ ಇದೆ. ಕುರುಬರ ಮನೆಯ ಹೆಂಗಸರು ಉಣ್ಣೆ ನೂಲುತ್ತಾರೆ, ಗಂಡಸರು ಗುಂಡಿಮಗ್ಗದಲ್ಲಿ ನೇಯುತ್ತಾರೆ, ನೂಲಿಗೆ ಹುಣಸೆ ಬೀಜದ ಗಂಜಿ ಕೊಡುತ್ತಾರೆ. ಪಕ್ಕದ ಸಂಡೂರಿನಲ್ಲಿ ಲಂಬಾಣಿ ತಾಂಡಾಗಳ ಹೆಂಗಸರು ಕನ್ನಡಿ ಬಿಲ್ಲೆ, ಕವಡೆಗಳನ್ನಿಟ್ಟು ಕಸೂತಿ ಮಾಡುತ್ತಾರೆ. ಅಲ್ಲಿನ ಕುಶಲ ಕಲಾ ಕೇಂದ್ರ ಈ ಕೆಲಸಕ್ಕೆ ನೆಲೆ ಕೊಟ್ಟಿದೆ. ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು.

ತೆಗೆದುಕೊಳ್ಳುವವರು ಮತ್ತೆ ಕೊಡುವವರಾಗಲು

ಈಗ ಮುಖ್ಯ ಮಾತಿಗೆ ಬರೋಣ. ಚೇತರಿಸಿಕೊಳ್ಳುತ್ತಿರುವವರನ್ನು ಹೆಚ್ಚಾಗಿ ಕಾಡುವುದು ನೋವಲ್ಲ, "ನಾನು ಯಾರಿಗೂ ಉಪಯೋಗವಿಲ್ಲ" ಎಂಬ ಭಾವನೆ. ನೀರು ಕೊಡುವವರು ಬೇರೆ, ಸ್ನಾನ ಮಾಡಿಸುವವರು ಬೇರೆ, ದುಡಿದು ತರುವವರು ಬೇರೆ. ದಿನವಿಡೀ ಕೈಚಾಚಿ ತೆಗೆದುಕೊಳ್ಳುವುದೇ ಕೆಲಸ. ಇದು ಮನುಷ್ಯನನ್ನು ಕುಗ್ಗಿಸುತ್ತದೆ.

ಆ ತಾಯಿ ಓಣಿಯ ವಿಧವೆಯೊಬ್ಬಳನ್ನು ಕರೆಸಿ, ತನ್ನ ಹಳೆಯ ಸೀರೆಗಳನ್ನು ಕೊಟ್ಟು, "ಕೆಂಪು ತುಂಡು ನಡುವೆ ಬರಲಿ" ಎಂದು ಹೇಳಿ, ಹೊಲಿಗೆಯ ಕೂಲಿಯನ್ನು ಮಾತಾಡಿ ಮುಗಿಸಿದಾಗ ಏನಾಗುತ್ತದೆ? ಅವಳು ರೋಗಿಯಾಗಿ ಮಾತ್ರ ಉಳಿಯುವುದಿಲ್ಲ. ಇನ್ನೊಂದು ಮನೆಯ ಒಲೆ ಉರಿಯಲು ಕಾರಣಳಾಗುತ್ತಾಳೆ. ಹೊಲಿಯುವವಳು ಅಳತೆ ಕೇಳಲು ಒಮ್ಮೆ, ಬಣ್ಣ ತೋರಿಸಲು ಒಮ್ಮೆ ಬಂದು ಕೂರುತ್ತಾಳೆ. ಕಾಯಿಲೆಯನ್ನು ಬಿಟ್ಟು ಬೇರೆ ಮಾತು ಮನೆಯೊಳಗೆ ಬರುತ್ತದೆ. ಮುಂದಿನ ವಾರಕ್ಕೆ ಕಾಯಲು ಒಂದು ಕಾರಣ ಸಿಗುತ್ತದೆ. ಸಾಂತ್ವನ ಇರುವುದು ಕೊಳ್ಳುವುದರಲ್ಲಿ ಅಲ್ಲ. ವಸ್ತುವಿನ ಆ ತುದಿಯಲ್ಲಿ ಒಬ್ಬ ಮನುಷ್ಯನಿದ್ದಾನೆ ಎಂದು ಅರಿಯುವುದರಲ್ಲಿ.

ಕೊಳ್ಳುವ ಕ್ರಿಯೆ ಹಣದ ವಿಷಯ ಮಾತ್ರವಲ್ಲ, ಸದಾ ನೈತಿಕ ವಿಷಯವೂ ಹೌದು ಎಂದು ಜಗದ್ಗುರು ಹದಿನಾರನೆಯ ಬೆನೆಡಿಕ್ಟ್ 2009ರ ತಮ್ಮ ವಿಶ್ವಪತ್ರದಲ್ಲಿ ಬೋಧಿಸಿದರು. ಜಗದ್ಗುರು ಫ್ರಾನ್ಸಿಸ್ 2015ರ 'ಲೌದಾತೋ ಸಿ'ಯಲ್ಲಿ ಅದನ್ನೇ ನೆನಪಿಸಿದರು.

ಎಚ್ಚರಿಕೆ

ಆದರೆ ಇದಕ್ಕೊಂದು ಇನ್ನೊಂದು ಮುಖವಿದೆ. ನಿದ್ದೆ ಬಾರದ ರಾತ್ರಿ ಮೊಬೈಲ್ ಹಿಡಿದು ಮಲಗಿದಲ್ಲಿಂದಲೇ ಒಂದಾದ ಮೇಲೊಂದು ಸಾಮಾನು ತರಿಸುವವರಿದ್ದಾರೆ. ಪೊಟ್ಟಣ ಬಿಚ್ಚುವ ತನಕ ಸಂತೋಷ, ಬಿಚ್ಚಿದ ಮೇಲೆ ಮತ್ತೆ ಅದೇ ಬರಿದು. ಭಯವನ್ನೂ ಒಂಟಿತನವನ್ನೂ ಸಾಮಾನುಗಳಿಂದ ಮುಚ್ಚಲಾಗದು. ಹಾಗೆ ಅನ್ನಿಸಿದರೆ ಮನೆಯವರೊಡನೆ, ಗುರುಗಳೊಡನೆ, ವೈದ್ಯರೊಡನೆ ಬಾಯಿಬಿಟ್ಟು ಹೇಳಿರಿ. ಮನಸ್ಸಿನ ಕುಗ್ಗುವಿಕೆಗೂ ಚಿಕಿತ್ಸೆ ಇದೆ, ಅದು ವಿಶ್ವಾಸದ ಕೊರತೆಯಲ್ಲ.

ಆದುದರಿಂದ ಕೆಲವು ನಿಯಮಗಳು:

1. ಒಂದೇ ವಸ್ತು ಸಾಕು. ಔಷಧಿಗೂ ಊಟಕ್ಕೂ ಮೀಸಲಿಟ್ಟ ಹಣ ಮುಟ್ಟಬೇಡಿ. ಇದಕ್ಕಾಗಿ ಸಾಲ ಬೇಡವೇ ಬೇಡ. ಹಣವಿಲ್ಲದಿದ್ದರೆ ಮಣ್ಣಿನ ಒಂದು ಹಣತೆಯೂ ಸಾಕು.

2. ಸಾಧ್ಯವಾದರೆ ಮಾಡಿದವರಿಂದಲೇ ಕೊಳ್ಳಿ. ಬಟ್ಟೆಯ ಹಿಂಬದಿ ತಿರುಗಿಸಿ ನೋಡಿ. ಕೈಹೊಲಿಗೆಯಲ್ಲಿ ಸಣ್ಣ ಏರುಪೇರು, ಗಂಟುಗಳು ಕಾಣುತ್ತವೆ.

3. ಚೌಕಾಶಿ ಮಾಡಿ ಕೂಲಿ ಕತ್ತರಿಸಬೇಡಿ. ನಿಮ್ಮ ಸಾಂತ್ವನ ಇನ್ನೊಬ್ಬರ ಹಸಿವಾಗಬಾರದು.

4. ಕೌದಿಯನ್ನು ಒಗೆದು ಬಿಸಿಲಿಗೆ ಹಾಕಿ ಆಮೇಲೆ ಹೊದೆಯಿರಿ. ಹಸಿ ಗಾಯದ ಮೇಲೆ ಕಂಬಳಿಯಾಗಲಿ ಕನ್ನಡಿ ಕಸೂತಿಯಾಗಲಿ ತಾಗಬಾರದು. ಉಬ್ಬಸ ಇರುವವರು, ಉಣ್ಣೆ ಒಗ್ಗದವರು ಕಂಬಳಿಯಿಂದ ದೂರವಿರಲಿ.

ನೋಡಬರುವವರಿಗೂ ಒಂದು ಮಾತು. ಪ್ರತಿಬಾರಿಯೂ ಬ್ರೆಡ್ಡು ಬಿಸ್ಕತ್ತಿನ ಪೊಟ್ಟಣವೇ ಏಕೆ? ಜಗದ್ಗುರು ಎರಡನೆಯ ಜಾನ್ ಪಾಲ್ ಅವರು 1992ರಲ್ಲಿ ಲೂರ್ದುಮಾತೆಯ ಹಬ್ಬವಾದ ಫೆಬ್ರವರಿ 11ನ್ನು ವಿಶ್ವ ರೋಗಿಗಳ ದಿನವೆಂದು ಸಾರಿದರು. 1993ರಿಂದ ಅದು ಆಚರಣೆಯಲ್ಲಿದೆ. ಆ ದಿನಕ್ಕಾಗಿ ನಿಮ್ಮ ಧರ್ಮಕೇಂದ್ರದ ಮಹಿಳೆಯರು ಮನೆಗೊಂದು ತುಂಡು ಬಟ್ಟೆ ಕೂಡಿಸಿ ಒಂದು ಕೌದಿ ಹೊಲಿದು, ಹಾಸಿಗೆ ಹಿಡಿದವರೊಬ್ಬರಿಗೆ ಒಯ್ಯಬಾರದೇಕೆ? ಇಡೀ ಧರ್ಮಕೇಂದ್ರವೇ ಅವರನ್ನು ಹೊದಿಸಿದಂತಾಗುತ್ತದೆ.

ಕುಟುಂಬದಲ್ಲಿ ಚರ್ಚಿಸಲು

- ನಮ್ಮ ಮನೆಯಲ್ಲಿ ಚೇತರಿಸಿಕೊಳ್ಳುತ್ತಿರುವವರು ಏನನ್ನಾದರೂ ಕೇಳಿದಾಗ, ಆ ಕೋರಿಕೆಯ ಹಿಂದಿನ ಮಾತನ್ನು ಕೇಳಿಸಿಕೊಳ್ಳುತ್ತೇವೆಯೇ?
- ನಮ್ಮ ಓಣಿಯಲ್ಲಿ ಕೈಕೆಲಸದಿಂದ ಬದುಕುವವರು ಯಾರು? ಅವರ ಹೆಸರು ನಮಗೆ ಗೊತ್ತೇ?
- ಕಾಯಿಲೆಯವರಿಗೂ ಕೊಡುವ ಸಂತೋಷ ಸಿಗುವಂತೆ ಈ ವಾರ ನಾವು ಏನು ಮಾಡಬಹುದು?

ಪ್ರಾರ್ಥನೆ

ನಜರೇತಿನ ಬಡಗಿಯಾದ ಯೇಸುವೇ, ನಮ್ಮ ರೋಗಿಗಳ ಮೈಮನಗಳನ್ನು ಗುಣಪಡಿಸಿರಿ. ಸೂಜಿ, ಮಗ್ಗ, ತಿಗರಿ ಹಿಡಿದ ಕೈಗಳಿಗೆ ತಕ್ಕ ಕೂಲಿಯನ್ನೂ ಮರ್ಯಾದೆಯನ್ನೂ ಕರುಣಿಸಿರಿ. ಒಬ್ಬರ ದುಡಿಮೆ ಇನ್ನೊಬ್ಬರ ಸಾಂತ್ವನವಾಗುವಂತೆ ನಮ್ಮನ್ನೆಲ್ಲ ಒಂದೇ ಹೊದಿಕೆಯಾಗಿ ಹೊಲಿಯಿರಿ. ಆಮೆನ್.