ಕುರಿ ಕಂದು ಹಾಕಿದವಾ ಎಂದು ಕೇಳು

ಹಾಲಹರವಿ ಸೀಮೆಯಲ್ಲಿ ಹೊಸದಾಗಿ ಡಾಕ್ಟರಿಕೆ ಶುರು ಮಾಡಿರುವ ತಮ್ಮನಿಗೆ,

ನಿನ್ನ ಹತ್ತಿರ ಕುರಿಗಾರನೊಬ್ಬ ಬಂದೇ ಬರುತ್ತಾನೆ. ಸೊಂಟ ಹಿಡಿದಿದೆ, ಮಂಡಿ ಬಾತಿದೆ, ಸಂಜೆಯಾದರೆ ಜ್ವರ, ರಾತ್ರಿ ಬೆವರು. ಟೈಫಾಯ್ಡ್ ಗುಳಿಗೆ, ನೋವಿನ ಸೂಜಿ ಎಲ್ಲ ಮುಗಿಸಿಯೇ ಬಂದಿರುತ್ತಾನೆ. ಎಕ್ಸ್‌ರೇ ಬರೆಯುವ ಮೊದಲು ಕೇಳು: ಈ ಸಲ ಕುರಿ ಕಂದು ಹಾಕಿದವಾ? ಹಾಲು ಕಾಸದೆ ಕುಡಿತೀಯಾ? ಅಡ್ಡ ಸಿಕ್ಕ ಮರಿಯನ್ನು ಬರಿಗೈ ಹಾಕಿ ಎಳೆದು, ಕಂಬಳಿಯಲ್ಲಿ ಒರೆಸಿ, ಅದೇ ಕೈಯಲ್ಲಿ ಬೀಡಿ ಹಚ್ಚುವವರು ನಮ್ಮವರು. ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ಹೌದೆಂದರೆ ಅನುಮಾನ ಬ್ರುಸೆಲ್ಲಾದ ಮೇಲಿರಲಿ. ಅದು ಅಪರೂಪದ್ದೆಂದು ಪುಸ್ತಕದಲ್ಲಿ ಓದಿರುತ್ತೀಯ. ಮಾಲ್ಟಾದಲ್ಲಿ ಡೇವಿಡ್ ಬ್ರೂಸ್ 1887ರಲ್ಲಿ ಕಂಡುಹಿಡಿದ ರೋಗಾಣು ಅದು. ಆಡಿನ ಹಾಲಿನಿಂದ ಬರುತ್ತದೆಂದು ಗೊತ್ತಾಗಲು 1905 ಬರಬೇಕಾಯಿತು. ಆದರೆ ಅಪರೂಪವೇನಲ್ಲ: ವಿಜಯಪುರದ ಬಸಪ್ಪ ಮಂಟೂರ ಮತ್ತವರ ಸಂಗಡಿಗರು ಇದೇ ರೋಗದ 16 ವರ್ಷಗಳ ಅನುಭವವನ್ನು 2006ರಲ್ಲಿ ಪ್ರಕಟಿಸಿದ್ದಾರೆ, ಹುಡುಕಿ ಓದು. ಹುಡುಕುವವರಿಲ್ಲದ ಕಡೆ ಎಲ್ಲ ರೋಗವೂ ಅಪರೂಪವೇ.

ಒಂದು ಎಚ್ಚರಿಕೆ. ಒಂದೆರಡು ದಿನದಲ್ಲೇ ಮಂಡಿ ಕೆಂಪಗೆ ಕಾದು, ಅಲುಗಿಸಲೂ ಆಗದಿದ್ದರೆ ಇಷ್ಟೆಲ್ಲ ವಿಚಾರಿಸುತ್ತ ಕೂರಬೇಡ. ಅದು ಕೀವು, ಹೆಚ್ಚಾಗಿ ಸ್ಟೆಫಿಲೋಕಾಕಸ್. ಅವತ್ತೇ ಬಳ್ಳಾರಿಗೋ ಕರ್ನೂಲಿಗೋ ಕಳಿಸು. ಕೀಲಿನ ನೀರನ್ನು ಪರೀಕ್ಷೆಗೆ ತೆಗೆದ ಮೇಲೇ ಆ್ಯಂಟಿಬಯೋಟಿಕ್ ಶುರುವಾದರೆ ಒಳ್ಳೆಯದು.

ಬ್ರುಸೆಲ್ಲಾ ನಿಧಾನದ್ದು. ರೋಸ್ ಬೆಂಗಾಲ್ ಪರೀಕ್ಷೆಯಲ್ಲಿ ಸುಳಿವು ಸಿಕ್ಕರೆ ಟ್ಯೂಬ್ ಪರೀಕ್ಷೆ ಮಾಡಿಸು; 1:160 ದಾಟಿದ್ದು, ಲಕ್ಷಣವೂ ಕೂಡಿದ್ದರೆ ನಂಬಬಹುದು. ಕಲ್ಚರಿಗೆ ರಕ್ತ ಕಳಿಸುವಾಗ ಚೀಟಿಯ ಮೇಲೆ ಅನುಮಾನವನ್ನು ಬರೆ: ಬೆಳೆಯಲು ದಿನ ಹಿಡಿಯುತ್ತದೆ, ಲ್ಯಾಬಿನವರಿಗೂ ಅಂಟುತ್ತದೆ. ಬೆನ್ನುಮೂಳೆಗೆ ಹತ್ತಿದಾಗ ಟಿಬಿಯೆಂದೇ ತೋರುತ್ತದೆ. ಟಿಬಿಗೆ ಕೊಡುವ ರಿಫಾಂಪಿಸಿನ್‌ಗೆ ಅರ್ಧ ತಗ್ಗಿ, ನಮ್ಮ ತಪ್ಪು ಅಂದಾಜೇ ಸರಿಯೆನಿಸಿಬಿಡುತ್ತದೆ.

ಔಷಧಿ ಆರಿಸುವಾಗ ಅವನ ಕಾಲ್ದಾರಿಯನ್ನೂ ನೋಡು. ಆರು ವಾರ ಡಾಕ್ಸಿಸೈಕ್ಲಿನ್, ಮೊದಲ ಎರಡು ಮೂರು ವಾರ ಸ್ಟ್ರೆಪ್ಟೊಮೈಸಿನ್ ಸೂಜಿ ಕೊಟ್ಟರೆ ರೋಗ ಮರುಕಳಿಸುವುದು ಕಡಿಮೆ. ಆದರೆ ಹಿಂಡಿನ ಜೊತೆ ಊರೂರು ಅಲೆಯುವವನು ದಿನಾ ಸೂಜಿಗೆ ಎಲ್ಲಿ ಬರುತ್ತಾನೆ? ಅಂಥವನಿಗೆ ಡಾಕ್ಸಿಸೈಕ್ಲಿನ್ ಜೊತೆ ರಿಫಾಂಪಿಸಿನ್ ಗುಳಿಗೆಯನ್ನೇ ಆರು ವಾರಕ್ಕೆ ಕಟ್ಟಿಕೊಡು. ಬೆನ್ನುಮೂಳೆಗೆ ಹತ್ತಿದ್ದರೆ ಮೂರು ತಿಂಗಳಾದರೂ ಬೇಕು. ಎರಡನೇ ವಾರಕ್ಕೇ ಜ್ವರ ಬಿಟ್ಟರೆ ಗುಳಿಗೆಯನ್ನೂ ಬಿಡುತ್ತಾನೆ. ಮನೆಯಾಕೆಯನ್ನು ಕೂರಿಸಿಕೊಂಡು ಹೇಳು.

ಹಾಗೇ ಆಕೆಯ ರಕ್ತವನ್ನೂ ತೆಗೆಸು, ಹಾಲು ಕಾಸುವವಳೂ ಮಾಸು ಬಾಚುವವಳೂ ಅವಳೇ. ಬಸುರಿಯಾಗಿದ್ದರೆ ಡಾಕ್ಸಿಸೈಕ್ಲಿನ್, ಸ್ಟ್ರೆಪ್ಟೊಮೈಸಿನ್ ಎರಡೂ ಬೇಡ. ದೊಡ್ಡ ಆಸ್ಪತ್ರೆಯವರನ್ನು ಕೇಳಿಯೇ ಮುಂದುವರಿ.

ನಿನ್ನ ಹಿರಿಯ