ನಮ್ಮ ಸಿಲಬಸ್‌ನೊಳಗಿನ ವೇಲ್ಸ್

ಕಳೆದ ವಾರ ಮ್ಯಾಥ್ಸ್ ಅಸೈನ್‌ಮೆಂಟ್ ಬರೆಯುತ್ತಾ ಬೇಜಾರಾಗಿ ಒಂದು ಪುಟದಲ್ಲಿ 'ಸಮ' ಚಿಹ್ನೆ ಎಷ್ಟು ಸಲ ಬಂದಿದೆ ಅಂತ ಎಣಿಸಿದೆವು. 41 ಸಲ! ಪೈ 9 ಸಲ. ಇವನ್ನು ಮೊದಲು ಬಳಸಿದ ಪುಣ್ಯಾತ್ಮರು ಯಾರು ಅಂತ ಹುಡುಕಿದರೆ ಇಬ್ಬರೂ ವೇಲ್ಸ್‌ನವರು. ವೇಲ್ಸ್ ಅಂದ್ರೆ ಅಲ್ಲಿವರೆಗೂ ನಮಗೆ ಗೊತ್ತಿದ್ದದ್ದು ಫುಟ್‌ಬಾಲ್ ಆಟಗಾರ ಗ್ಯಾರೆತ್ ಬೇಲ್ ಮಾತ್ರ. ಇಂಗ್ಲೆಂಡಿನ ಪಶ್ಚಿಮಕ್ಕೆ ಅಂಟಿಕೊಂಡಿರುವ ಈ ನಾಡಿನ ಜನಸಂಖ್ಯೆ ಸುಮಾರು 31 ಲಕ್ಷ, ಅಂದ್ರೆ ಬೆಂಗಳೂರಿನ ಅರ್ಧದಷ್ಟೂ ಇಲ್ಲ. ಇವರಿಗೆ ಇಂಗ್ಲಿಷ್‌ಗಿಂತ ಪೂರ್ತಿ ಬೇರೆಯಾದ ಸ್ವಂತ ಭಾಷೆಯೊಂದಿದೆ. ನಾವು ವೆಲ್ಷ್ ಅನ್ನುತ್ತೇವೆ, ಅವರು ಕಮ್ರೈಗ್ ಅನ್ನುತ್ತಾರೆ.

ಮೊದಲು ರಾಬರ್ಟ್ ರೆಕಾರ್ಡ್. ಸುಮಾರು 1512ರಲ್ಲಿ ಟೆನ್ಬಿ ಎಂಬ ಬಂದರು ಊರಿನಲ್ಲಿ ಹುಟ್ಟಿದವನು. ಓದಿದ್ದು ವೈದ್ಯಕೀಯ, ಹುಚ್ಚು ಹಿಡಿಸಿಕೊಂಡದ್ದು ಗಣಿತದ್ದು. ಆಗ ಯುರೋಪಿನಲ್ಲಿ ವಿದ್ವಾಂಸರು ಬರೆಯುತ್ತಿದ್ದದ್ದು ಲ್ಯಾಟಿನ್‌ನಲ್ಲಿ. ಈತ ಮಾತ್ರ ಅಂಗಡಿಯವರಿಗೂ ಕುಶಲಕರ್ಮಿಗಳಿಗೂ ಅರ್ಥವಾಗಲಿ ಅಂತ ಇಂಗ್ಲಿಷ್‌ನಲ್ಲಿ ಬರೆದ. 1543ರ ಅವನ ಅಂಕಗಣಿತದ ಪುಸ್ತಕ ಗುರು-ಶಿಷ್ಯರ ಸಂಭಾಷಣೆಯ ರೂಪದಲ್ಲಿದೆ. ಶಿಷ್ಯ ತಪ್ಪು ಮಾಡ್ತಾನೆ, ಗುರು ತಿದ್ದುತ್ತಾನೆ. ನಮ್ಮ ಕೆಲವು ಟೆಕ್ಸ್ಟ್‌ಬುಕ್‌ಗಳಿಗಿಂತ ಇದೇ ವಾಸಿ ಅನ್ನಿಸಿತು.

1557ರಲ್ಲಿ ಬೀಜಗಣಿತದ ಪುಸ್ತಕ ಬರೆಯುವಾಗ 'ಇದಕ್ಕೆ ಇದು ಸಮ' ಅಂತ ಪದಗಳಲ್ಲಿ ಬರೆದು ಬರೆದು ಅವನಿಗೆ ಸಾಕಾಗಿ ಹೋಯಿತು. ಅದರ ಬದಲು ಒಂದೇ ಉದ್ದದ ಎರಡು ಸಮಾನಾಂತರ ಗೆರೆ ಎಳೆದ. ಅವಕ್ಕಿಂತ ಹೆಚ್ಚು ಸಮವಾದ ಜೋಡಿ ಬೇರೆ ಇಲ್ಲ ಅನ್ನೋದು ಅವನ ವಾದ. ಕಾಪಿ-ಪೇಸ್ಟ್ ಇಲ್ಲದ ಕಾಲದ ಸೋಮಾರಿತನ ಅಂತ ನಾವು ಪ್ರೀತಿಯಿಂದಲೇ ಕರೆಯುತ್ತೇವೆ. ಅದೇ ಪುಸ್ತಕದಲ್ಲಿ ಎಂಟನೇ ಘಾತಕ್ಕೆ 'ಝೆನ್ಝಿಝೆನ್ಝಿಝೆನ್ಝಿಕ್' ಅಂತ ಹೆಸರಿದೆ. ಅದು ಉಳಿಯಲಿಲ್ಲ, ವೈವಾದಲ್ಲಿ ನಾವು ಬಚಾವ್. ಆದರೆ ರೆಕಾರ್ಡ್ ಬಚಾವ್ ಆಗಲಿಲ್ಲ. ಸರ್ಕಾರಿ ಹುದ್ದೆಯಲ್ಲಿದ್ದಾಗ ಪೆಂಬ್ರೋಕ್‌ನ ಅರ್ಲ್ ಎಂಬ ಪ್ರಭಾವಿ ವ್ಯಕ್ತಿಯ ಮೇಲೆ ಆರೋಪ ಹೊರಿಸಿದ. ಅರ್ಲ್ ಮಾನನಷ್ಟ ಮೊಕದ್ದಮೆ ಹಾಕಿ ಗೆದ್ದ. ದಂಡ 1000 ಪೌಂಡ್, ಆ ಕಾಲಕ್ಕೆ ಅದು ಒಂದು ಆಸ್ತಿ. ಚಿಹ್ನೆ ಅಚ್ಚಾದ ಮರುವರ್ಷವೇ, 1558ರಲ್ಲಿ, ಲಂಡನ್ನಿನ ಜೈಲಿನಲ್ಲಿ ತೀರಿಕೊಂಡ.

ಪೈ ಕಥೆ ಇಷ್ಟು ದುಃಖದ್ದಲ್ಲ. ವಿಲಿಯಂ ಜೋನ್ಸ್ 1675ರಲ್ಲಿ ಆಂಗಲ್ಸಿ ದ್ವೀಪದ ಒಂದು ರೈತ ಕುಟುಂಬದಲ್ಲಿ ಹುಟ್ಟಿದ. ಧರ್ಮಾರ್ಥ ಶಾಲೆಯಲ್ಲಿ ಓದು. ಲೆಕ್ಕದಲ್ಲಿ ಚುರುಕು ಅಂತ ಗೊತ್ತಾಗಿ ಊರಿನ ಜಮೀನ್ದಾರರು ಲಂಡನ್ನಿನ ವ್ಯಾಪಾರಿಯೊಬ್ಬನ ಹತ್ತಿರ ಕೆಲಸ ಕೊಡಿಸಿದರು. ಆಮೇಲೆ ಹಡಗಿನಲ್ಲಿ ನಾವಿಕರಿಗೆ ಗಣಿತದ ಮೇಷ್ಟ್ರು. ಡಿಗ್ರಿ ಗಿಗ್ರಿ ಏನೂ ಇಲ್ಲ! 1706ರಲ್ಲಿ ಬರೆದ ಪುಸ್ತಕದಲ್ಲಿ ಪರಿಧಿಗೂ ವ್ಯಾಸಕ್ಕೂ ಇರುವ ಅನುಪಾತಕ್ಕೆ ಪೈ ಅಕ್ಷರ ಇಟ್ಟ. ಅದಕ್ಕೂ ಮೊದಲು ಅದನ್ನು ಹೇಳಲು ಉದ್ದುದ್ದ ಲ್ಯಾಟಿನ್ ವಾಕ್ಯವೇ ಬೇಕಿತ್ತು. ಈ ಸಂಖ್ಯೆಯನ್ನು ಅಂಕಿಗಳಲ್ಲಿ ಪೂರ್ತಿ ಬರೆಯಲು ಆಗುವುದೇ ಇಲ್ಲ ಅಂತ ಅವನಿಗೆ ಅನ್ನಿಸಿತ್ತು, ಸಾಧಿಸಿದ್ದು 1761ರಲ್ಲಿ ಲ್ಯಾಂಬರ್ಟ್. ಚಿಹ್ನೆಯನ್ನು ಜಗತ್ತಿಗೆ ಹರಡಿದ್ದು ಆಯ್ಲರ್, ಹೀಗಾಗಿ ಹೆಸರೂ ಅವನಿಗೇ ಹೋಯ್ತು.

ಜೋನ್ಸ್‌ಗೆ ಲಂಡನ್ನಿನಲ್ಲಿ 1746ರಲ್ಲಿ ಮಗ ಹುಟ್ಟಿದ. ಅವನ ಹೆಸರೂ ವಿಲಿಯಂ ಜೋನ್ಸೇ. ಇವನನ್ನು ನಾವು ಹಿಸ್ಟರಿಯಲ್ಲಿ ಓದಿದ್ದೇವೆ: ಕಲ್ಕತ್ತಾದ ನ್ಯಾಯಾಧೀಶ, 1784ರಲ್ಲಿ ಏಷಿಯಾಟಿಕ್ ಸೊಸೈಟಿ ಕಟ್ಟಿದವನು, 1786ರಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರಕ್ಕೂ ಒಂದೇ ಮೂಲ ಇರಬೇಕು ಅಂದವನು. (ಕನ್ನಡ ಆ ಕುಟುಂಬದ್ದಲ್ಲ. ದಕ್ಷಿಣದ ಭಾಷೆಗಳದ್ದು ಬೇರೆಯೇ ಕುಟುಂಬ ಅಂತ 1816ರಲ್ಲಿ ಎಲ್ಲಿಸ್ ತೋರಿಸಿದ.) ಈ ಮಗ ಜೋನ್ಸ್ ಬಗ್ಗೆ ಒಂದು ಕಥೆ ಓಡಾಡುತ್ತೆ. ಫ್ರಾನ್ಸಿನ ರಾಜನಿಗೆ ಅವನನ್ನು ಪರಿಚಯಿಸುವಾಗ 'ಇವರಿಗೆ ಜಗತ್ತಿನ ಎಲ್ಲಾ ಭಾಷೆ ಬರುತ್ತೆ, ಸ್ವಂತ ಭಾಷೆ ಒಂದನ್ನು ಬಿಟ್ಟು' ಅಂದರಂತೆ. ನಿಜವೋ ಸುಳ್ಳೋ, ಓದಿದಾಗ ನಮ್ಮ ಗುಂಪಿನಲ್ಲಿ ಯಾರೂ ನಗಲಿಲ್ಲ.

ಉಳಿದವರನ್ನು ಬೇಗ ನೋಡಿಬಿಡೋಣ. ಸ್ವಾನ್ಸಿಯ ವಿಲಿಯಂ ಗ್ರೋವ್ ವೃತ್ತಿಯಲ್ಲಿ ವಕೀಲ, ಮುಂದೆ ಜಡ್ಜ್. ಆದರೆ 1842ರ ಹೊತ್ತಿಗೆ ಪ್ಲಾಟಿನಂ ಎಲೆಕ್ಟ್ರೋಡು, ಗಂಧಕಾಮ್ಲ, ಹೈಡ್ರೋಜನ್, ಆಕ್ಸಿಜನ್ ಇಟ್ಟುಕೊಂಡು ಫ್ಯೂಯೆಲ್ ಸೆಲ್ ಮಾಡಿದ್ದ. ಅಪೋಲೋ ನೌಕೆಗೆ ಕರೆಂಟ್ ಕೊಟ್ಟದ್ದು ಅದೇ ತತ್ವ. ಕಾರ್ಡಿಫ್‌ನ ಬ್ರಯಾನ್ ಜೋಸೆಫ್ಸನ್ 1962ರಲ್ಲಿ, 22ನೇ ವಯಸ್ಸಿನಲ್ಲಿ, ಸೂಪರ್‌ಕಂಡಕ್ಟರ್ ಬಗ್ಗೆ ಬರೆದ ಪೇಪರ್‌ಗೆ 1973ರಲ್ಲಿ ನೊಬೆಲ್ ಬಂತು. ನಮಗೆ 22ಕ್ಕೆ ಇನ್ನು ಮೂರು ವರ್ಷ ಇದೆ, ನೋಡೋಣ.

ಕಂಪ್ಯೂಟರ್ ಸೈನ್ಸ್‌ನವರು ನೆನಪಿಡಬೇಕಾದವರು ಡೊನಾಲ್ಡ್ ಡೇವೀಸ್. ಹುಟ್ಟಿದ್ದು 1924ರಲ್ಲಿ, ರೋಂಡಾ ಕಣಿವೆಯ ಟ್ರಿಯೋರ್ಕಿಯಲ್ಲಿ. ತಂದೆ ಕಲ್ಲಿದ್ದಲು ಗಣಿಯಲ್ಲಿ ಗುಮಾಸ್ತ, ಮಗು ಹುಟ್ಟಿದ ಕೆಲವೇ ತಿಂಗಳಲ್ಲಿ ತೀರಿಕೊಂಡರು. ಓದು ಮುಗಿಸಿ ಟ್ಯೂರಿಂಗ್ ಇದ್ದ ಪ್ರಯೋಗಾಲಯಕ್ಕೆ ಸೇರಿದ ಡೇವೀಸ್, ಟ್ಯೂರಿಂಗ್‌ನ ಪ್ರಸಿದ್ಧ 1936ರ ಪೇಪರ್‌ನಲ್ಲೇ ತಪ್ಪು ಹುಡುಕಿ ತೋರಿಸಿದರಂತೆ. ಟ್ಯೂರಿಂಗ್‌ಗೆ ಅದು ಹಿಡಿಸಲಿಲ್ಲ. 1965ರಲ್ಲಿ ಅವರಿಗೆ ಹೊಳೆದದ್ದು ಇದು: ಸಂದೇಶವನ್ನು ಇಡಿಯಾಗಿ ಕಳಿಸಿದರೆ ಲೈನ್ ಪೂರ್ತಿ ಒಬ್ಬರಿಗೇ ಮೀಸಲಾಗುತ್ತೆ. ತುಂಡು ಮಾಡಿ, ಪ್ರತಿ ತುಂಡಿಗೂ ವಿಳಾಸ ಹಚ್ಚಿ ಬಿಟ್ಟರೆ ಒಂದೇ ಲೈನಿನಲ್ಲಿ ಹಲವರು ಹೋಗಬಹುದು, ಕೊನೆಯಲ್ಲಿ ಜೋಡಿಸಿಕೊಂಡರಾಯಿತು. ಅಮೆರಿಕದ ಪಾಲ್ ಬರಾನ್ ಕೂಡ ಇದನ್ನೇ ಬೇರೆಯಾಗಿ ಯೋಚಿಸಿದ್ದರು. ಆದರೆ ಆ ತುಂಡಿಗೆ 'ಪ್ಯಾಕೆಟ್' ಅಂತ ಹೆಸರಿಟ್ಟವರು ಡೇವೀಸ್, ಅದೂ ಭಾಷಾತಜ್ಞರೊಬ್ಬರನ್ನು ಕೇಳಿ ನೋಡಿ. ಕನ್ನಡಕ್ಕಂತೂ ಅದು ಸಲೀಸಾಗಿ ಹೊಂದಿಕೊಂಡಿತು. ಹಾಲಿನ ಪ್ಯಾಕೆಟ್ ಇತ್ತಲ್ಲ, ಡೇಟಾ ಪ್ಯಾಕೆಟ್ ಜೊತೆಗೆ ಸೇರಿತು.

ಇಷ್ಟೆಲ್ಲ ಓದಿದ ಮೇಲೆ ನಮ್ಮ ಗುಂಪಿನ ಒಬ್ಬಳು ಕೇಳಿದಳು, 'ಇವರಲ್ಲಿ ಒಬ್ಬರಾದರೂ ಇದನ್ನೆಲ್ಲ ಕಮ್ರೈಗ್‌ನಲ್ಲಿ ಬರೆದರಾ?' ಇಲ್ಲ. ಅವರ ಕೆಲಸವೆಲ್ಲ ಇಂಗ್ಲಿಷ್ ಇಲ್ಲವೇ ಲ್ಯಾಟಿನ್. ರೆಕಾರ್ಡ್ ಯುವಕನಾಗಿದ್ದಾಗಲೇ, 1536ರ ಕಾನೂನು ವೇಲ್ಸ್‌ನ ಕೋರ್ಟು ಕಚೇರಿಗಳಲ್ಲಿ ಇಂಗ್ಲಿಷ್ ಮಾತ್ರ ಅಂತ ಮಾಡಿತ್ತು. ಭಾಷೆ ಗಟ್ಟಿಯಾಗಿ ಉಳಿಯಲು 1588ರಲ್ಲಿ ವಿಲಿಯಂ ಮಾರ್ಗನ್ ಮುಗಿಸಿದ ಬೈಬಲ್ ಅನುವಾದ ದೊಡ್ಡ ಕಾರಣ. ಆದರೆ 19ನೇ ಶತಮಾನದ ಶಾಲೆಗಳಲ್ಲಿ 'ವೆಲ್ಷ್ ನಾಟ್' ಎಂಬ ಮರದ ತುಂಡು ಬಂತು. ಕಮ್ರೈಗ್ ಮಾತಾಡಿ ಸಿಕ್ಕಿಬಿದ್ದ ಮಗುವಿನ ಕುತ್ತಿಗೆಗೆ ಅದನ್ನು ನೇತುಹಾಕುತ್ತಿದ್ದರು. ಮುಂದೆ ಇನ್ನೊಬ್ಬ ಮಾತಾಡಿದರೆ ಅದು ಅವನಿಗೆ ದಾಟುತ್ತಿತ್ತು. ಸಂಜೆ ಯಾರ ಕುತ್ತಿಗೆಯಲ್ಲಿ ಇರುತ್ತೋ ಅವರಿಗೆ ಏಟು. ಇದು ಸರ್ಕಾರದ ಕಾನೂನಲ್ಲ. ಮಕ್ಕಳು ಇಂಗ್ಲಿಷ್ ಕಲಿತು ಉದ್ಧಾರ ಆಗಲಿ ಅಂತ ಎಷ್ಟೋ ಅಪ್ಪ-ಅಮ್ಮಂದಿರೂ ಒಪ್ಪಿದ್ದರು.

ಇಲ್ಲಿ ನಾವು ಸ್ವಲ್ಪ ಹೊತ್ತು ಓದು ನಿಲ್ಲಿಸಿದೆವು. ನಮ್ಮಲ್ಲಿ ಮೂವರು ಓದಿದ ಶಾಲೆಗಳಲ್ಲಿ ಕನ್ನಡ ಮಾತಾಡಿದರೆ ಕ್ಲಾಸ್ ಲೀಡರ್ ಹೆಸರು ಬರೆಯುತ್ತಿದ್ದ, ಒಂದು ಸಲಕ್ಕೆ ಐದು ರೂಪಾಯಿ ಫೈನ್. ಮರದ ತುಂಡು ಇರಲಿಲ್ಲ, ಅಷ್ಟೇ ವ್ಯತ್ಯಾಸ. ನಾಚಿಕೆಯ ವಿಷಯ ಏನಂದ್ರೆ, ನಮ್ಮಲ್ಲಿ ಒಬ್ಬ ಆ ಲೀಡರ್ ಆಗಿದ್ದವನೇ.

ಆ ಮರದ ತುಂಡು ಹಾಕಿಸಿಕೊಂಡ ಹುಡುಗರಲ್ಲಿ ಒಬ್ಬ ಓವನ್ ಎಡ್ವರ್ಡ್ಸ್, 1858ರಲ್ಲಿ ಹುಟ್ಟಿದವನು. ದೊಡ್ಡವನಾಗಿ ಆಕ್ಸ್‌ಫರ್ಡ್‌ನಲ್ಲಿ ಇತಿಹಾಸ ಕಲಿಸಿದ, ಕಮ್ರೈಗ್‌ನಲ್ಲಿ ಮಕ್ಕಳ ಪತ್ರಿಕೆ ನಡೆಸಿದ, ಶಾಲೆಯ ಆ ನೆನಪನ್ನೂ ಬರೆದಿಟ್ಟ. 1907ರಲ್ಲಿ ವೇಲ್ಸ್‌ನ ಶಾಲೆಗಳಿಗೇ ಮುಖ್ಯ ಇನ್ಸ್‌ಪೆಕ್ಟರ್ ಆದ! ಅವನ ಮಗ ಇವಾನ್ 1939ರಲ್ಲಿ ಅಬರಿಸ್ಟ್ವಿತ್ ಊರಿನಲ್ಲಿ ಮೊದಲ ಕಮ್ರೈಗ್ ಮಾಧ್ಯಮದ ಪ್ರಾಥಮಿಕ ಶಾಲೆ ಶುರುಮಾಡಿದ. ಸೇರಿದ ಮಕ್ಕಳು 7.

2021ರ ಜನಗಣತಿ ಪ್ರಕಾರ ಈ ಭಾಷೆ ಬಲ್ಲವರು ಸುಮಾರು 5,38,000, ನೂರಕ್ಕೆ 18 ಜನರೂ ಇಲ್ಲ. ಅಂದಹಾಗೆ 18ಕ್ಕೆ ಕಮ್ರೈಗ್‌ನ ಹಳೇ ಪದದ ಅರ್ಥ 'ಎರಡು ಒಂಬತ್ತು', 16ಕ್ಕೆ 'ಹದಿನೈದರ ಮೇಲೊಂದು'. ಇದರಲ್ಲಿ ಲೆಕ್ಕ ಮಾಡೋದು ಕಷ್ಟ ಅಂತ ಶಾಲೆಗಳಲ್ಲಿ ಈಗ 'ಒಂದು ಹತ್ತು ಎಂಟು' ಅನ್ನುವ ಸರಳ ಕ್ರಮ ಕಲಿಸುತ್ತಾರೆ. ಕನ್ನಡದ ಹದಿನೆಂಟು ಮೊದಲಿನಿಂದಲೂ ಹೆಚ್ಚುಕಡಿಮೆ ಹಾಗೇ ಇದೆ. ಆದರೂ ನಮ್ಮಲ್ಲಿ ಇಬ್ಬರಿಗೆ ಎಪ್ಪತ್ತೊಂಬತ್ತು ಯಾವುದು, ಎಂಬತ್ತೊಂಬತ್ತು ಯಾವುದು ಅಂತ ಇನ್ನೂ ಬೆರಳು ಮಡಚಬೇಕು.